ತಕ್ಕಡಿರಾಯನ ದ್ರಾಕ್ಷಿ ಸಿಪ್ಪೆ

ಯಾರನ್ನು ನಂಬಿದರೂ ನಂಬಬಹುದು, ತಟ್ಟೆ ಒರೆಸದೆ ತೂಗುವವನನ್ನು ಮಾತ್ರ ನಂಬಬಾರದು ಎಂಬುದು ತಕ್ಕಡಿರಾಯನ ಸಿದ್ಧಾಂತ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತಾರು ವರ್ಷದಿಂದ ಅವನದು ಒಂದೇ ಕೆಲಸ. ಅಂಗಡಿ ಅಂಗಡಿಗೆ ಹೋಗುವುದು, ತಟ್ಟೆ ಒರೆಸಿಸುವುದು, ಮರದ ಪೆಟ್ಟಿಗೆಯಿಂದ ಹಿತ್ತಾಳೆಯ ತೂಕದ ಕಲ್ಲುಗಳನ್ನು ಚಿಮಟದಲ್ಲಿ ಎತ್ತಿ ಇಡುವುದು, ಮುಳ್ಳು ನಿಲ್ಲುವ ತನಕ ಉಸಿರು ಬಿಗಿಹಿಡಿಯುವುದು, ಆಮೇಲೆ "ಸರಿಯಾಗಿದೆ" ಎಂದು ಗಟ್ಟಿಯಾಗಿ ಹೇಳಿ ಮುದ್ರೆ ಒತ್ತುವುದು. ಕಲ್ಲನ್ನು ಕೈಯಿಂದ ಮುಟ್ಟುವಂತಿಲ್ಲ. ಬೆರಳಿನ ಜಿಡ್ಡಿಗೂ ತೂಕವಿದೆ ಎಂದು ಅವನು ಎಷ್ಟು ಸಲ ಹೇಳಿದ್ದನೆಂದರೆ, ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದು, ಊರಿಗೆಲ್ಲ ಅವನು ತಕ್ಕಡಿರಾಯನಾಗಿದ್ದ.

ಇಂಥ ಮನುಷ್ಯನಿಗೆ ಡಾಕ್ಟರು ಒಂದು ದಿನ, "ನಿಮ್ಮ ಸಕ್ಕರೆ ಗಡಿ ಮೇಲೆ ನಿಂತಿದೆ. ಬಾಯಿಗೆ ಕಡಿವಾಣ ಹಾಕಿ, ದಿನಾ ನಡೀರಿ. ಮೂರು ತಿಂಗಳಲ್ಲಿ ಇಳೀದಿದ್ರೆ ಮಾತ್ರೆ ಶುರು ಮಾಡೋಣ" ಎಂದರು. ತಕ್ಕಡಿರಾಯನ ಅಪ್ಪ ಇದೇ ಕಾಯಿಲೆಯಲ್ಲಿ ಮೊದಲು ಕಾಲಿನ ಹೆಬ್ಬೆರಳು, ಆಮೇಲೆ ಪಾದ, ಆಮೇಲೆ ದೃಷ್ಟಿ, ಹೀಗೆ ಕಂತುಕಂತಾಗಿ ಹೋಗಿದ್ದ. ಮನೆಯಲ್ಲಿ ಇರುವುದು ಇಬ್ಬರೇ, ತಾನು ಮತ್ತು ಹೆಂಡತಿ. ಈಗ ತನ್ನ ಸರದಿ ಬಂತು ಎಂದು ರಾಯ ಆವತ್ತೇ ತೀರ್ಮಾನಿಸಿಬಿಟ್ಟ.

ಮಾರನೆಯ ದಿನ ಕ್ಷೌರದ ಅಂಗಡಿಯಲ್ಲಿ ಸರದಿಗೆ ಕಾಯುವಾಗ ಅವನ ಕೈಗೆ ಒಂದು ಹಳೆಯ ಪತ್ರಿಕೆಯ ಅರ್ಧ ಹಾಳೆ ಸಿಕ್ಕಿತು. ಕಪ್ಪು ದ್ರಾಕ್ಷಿಯಂಥ ಗಾಢ ಬಣ್ಣದ ಹಣ್ಣುಗಳ ಸಿಪ್ಪೆಯಲ್ಲಿ ಪಾಲಿಫಿನಾಲ್ ಎಂಬ ಸಸ್ಯಸತ್ವಗಳಿವೆ, ಅವು ಪಿಷ್ಟ ಸಕ್ಕರೆಯಾಗುವುದನ್ನು ನಿಧಾನ ಮಾಡುತ್ತವೆ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡಲು ನೆರವಾಗಬಹುದು ಎಂದು ಅದರಲ್ಲಿತ್ತು. ಮುಂದೆ "ಆದರೆ" ಎಂದು ಒಂದು ವಾಕ್ಯ ಶುರುವಾಗಿತ್ತು. ಉಳಿದರ್ಧ ಹಾಳೆಯನ್ನು ಕ್ಷೌರಿಕ ಕತ್ತಿಯ ನೊರೆ ಒರೆಸಲು ಹರಿದುಕೊಂಡಿದ್ದ. ತಕ್ಕಡಿರಾಯನಿಗೆ ಸಿಕ್ಕಷ್ಟೇ ಸಾಕಾಯಿತು.

ಅರ್ಧ ವಿದ್ಯೆಗೆ ತನ್ನ ತಲೆಯನ್ನೂ ಸೇರಿಸಿ ಅವನು ಒಂದು ಪದ್ಧತಿ ಕಂಡುಹಿಡಿದ. ಸತ್ವ ಇರುವುದು ಸಿಪ್ಪೆಯಲ್ಲಿ, ಸಿಹಿ ಇರುವುದು ತಿರುಳಿನಲ್ಲಿ. ಹಾಗಾದರೆ ಒಂದೊಂದೇ ದ್ರಾಕ್ಷಿ ಸುಲಿದು ಸಿಪ್ಪೆ ತಾನು ತಿನ್ನುವುದು, ತಿರುಳು ಹೆಂಡತಿಗೆ ಕೊಡುವುದು. ಇನ್ನೊಂದು ಮುಖ್ಯ ನಿಯಮವೂ ಇತ್ತು. ಸುಲಿದ ಮೇಲೆ ಕೈ ತೊಳೆಯಬಾರದು, ಸತ್ವ ಚರ್ಮದ ಮೂಲಕವೂ ಒಳಗಿಳಿಯುತ್ತದೆ. ಇದು ಯಾವ ಹಾಳೆಯಲ್ಲೂ ಇರಲಿಲ್ಲ, ರಾಯನ ಸ್ವಂತ ಸಂಶೋಧನೆ.

"ಅಂಟು ಕೈಯಲ್ಲೇ ಓಡಾಡ್ತೀರಾ? ನನ್ನ ಅಡುಗೆಮನೆಗೆ ಮಾತ್ರ ಕಾಲಿಡಬೇಡಿ" ಎಂದಳು ಹೆಂಡತಿ. ಅವಳಿಗೆ ಹೊತ್ತಿಗೆ ಹತ್ತು ಸಲ ಸೋಪು ಹಾಕಿ ಕೈ ತೊಳೆಯುವ ಅಭ್ಯಾಸ.

"ನಿನಗೆ ವಿಜ್ಞಾನ ತಿಳಿಯಲ್ಲ ಕಣೆ. ಈ ತಿರುಳು ತಿನ್ನು, ವ್ಯರ್ಥ ಮಾಡಬೇಡ."

ಬಟ್ಟಲಿನ ತುಂಬ ಸಿಪ್ಪೆ ಕಳೆದುಕೊಂಡ ದ್ರಾಕ್ಷಿಗಳು ಒದ್ದೆಯಾಗಿ, ಬೂದುಬಣ್ಣಕ್ಕೆ, ಕಿತ್ತಿಟ್ಟ ಕಣ್ಣುಗುಡ್ಡೆಗಳ ಹಾಗೆ ಮೇಲಕ್ಕೆ ನೋಡುತ್ತಿದ್ದವು. ಅವಳು ಮುಖ ಕಿವುಚಿದಳು. ಗಂಡ ಇಷ್ಟು ವರ್ಷದಲ್ಲಿ ಮೊದಲ ಸಲ ಕೈಯಾರೆ ಏನೋ ಸುಲಿದು ಕೊಡುತ್ತಿದ್ದಾನಲ್ಲ ಎಂದುಕೊಂಡು ಪ್ರತಿದಿನ ಆ ಕಣ್ಣುಗಳನ್ನೆಲ್ಲ ತಿಂದಳು.

ಮಾತು ಕಟ್ಟಡದಲ್ಲಿ ಹರಡಿತು. ಮೇಲಿನ ಮನೆಯ ನಿವೃತ್ತ ಹೆಡ್‌ಮಾಸ್ಟರು ಮೊದಲು ಬಂದರು, ಕೆಳಗಿನ ಅಂಗಡಿಯ ಟೈಲರು ಆಮೇಲೆ ಬಂದ. ದಿನಾ ಮಧ್ಯಾಹ್ನ ಮೂರು ಗಂಟೆಗೆ, ಬೀದಿಯಲ್ಲಿ ನರಪಿಳ್ಳೆ ಇಲ್ಲದ ಹೊತ್ತಿನಲ್ಲಿ, ಬಿಸಿಲಿಗೆ ಪರದೆ ಎಳೆದ ಆ ಮಬ್ಬು ಕೋಣೆಯಲ್ಲಿ ಮೂವರು ಗಂಡಸರು ಮೇಜಿನ ಸುತ್ತ ಕೂತು ಮಾತಿಲ್ಲದೆ ದ್ರಾಕ್ಷಿ ಸುಲಿಯುತ್ತಿದ್ದರು. ಹತ್ತು ದಿನದಲ್ಲಿ ಮೂವರ ಬೆರಳೂ ಹೆಣದ ಬೆರಳಿನಂತೆ ನೇರಳೆಗಪ್ಪಾಗಿದ್ದವು. ತುಟಿ, ನಾಲಿಗೆ, ಹಲ್ಲಿನ ಸಂದಿಯೆಲ್ಲ ಅದೇ ಬಣ್ಣ. ಪರದೆಯ ಸಂದಿಯಿಂದ ಇಣುಕಿದ ಎದುರುಮನೆಯಾಕೆ ಕಿಟಕಿ ಮುಚ್ಚಿಕೊಂಡವಳು ಒಂದು ವಾರ ತೆಗೆಯಲಿಲ್ಲ.

ಪ್ರಗತಿ ಅಳೆಯಲು ರಾಯ ಬೆರಳು ಚುಚ್ಚಿ ಸಕ್ಕರೆ ನೋಡುವ ಮೆಷಿನ್ ತಂದ. ಜೊತೆಗೆ ಬಂದ ಪುಸ್ತಿಕೆಯನ್ನು ತೆರೆದೂ ನೋಡಲಿಲ್ಲ. ಇಪ್ಪತ್ತಾರು ವರ್ಷ ಸಾವಿರಾರು ಯಂತ್ರಗಳ ಬೆವರಿಳಿಸಿದವನಿಗೆ ಪುಸ್ತಿಕೆಯೇ? ಸುಲಿಯುವ ಕೆಲಸ ಮುಗಿಸಿ, ಟವೆಲಿಗೆ ಬೆರಳು ಒರೆಸಿ, ಚುಚ್ಚಿ, ಉಸಿರು ಬಿಗಿಹಿಡಿದ. ಮೆಷಿನ್ ಕುಂಯ್ ಎಂದಿತು. ಮುನ್ನೂರ ನಲವತ್ತು.

ಡಾಕ್ಟರು ನೋಡಿದಾಗ ನೂರ ಹದಿನೆಂಟಿತ್ತು. ರಾಯ ಸಿಪ್ಪೆಯನ್ನು ದುಪ್ಪಟ್ಟು ಮಾಡಿದ. ಮಾರನೆಯ ದಿನ ನಾನೂರ ಹನ್ನೆರಡು. ಮತ್ತೆ ದುಪ್ಪಟ್ಟು ಮಾಡಿದ. ಅದರ ಮಾರನೆಯ ದಿನ ಮೆಷಿನ್ ಅಂಕಿ ತೋರಿಸುವುದನ್ನೇ ಬಿಟ್ಟು, ಇದು ತನ್ನ ಅಳತೆಗೆ ಮೀರಿದ್ದು ಎನ್ನುವ ಎರಡು ಅಕ್ಷರ ತೋರಿಸಿ ಸುಮ್ಮನಾಯಿತು. ತಕ್ಕಡಿಯೊಂದು ಹೀಗೆ ಕೈಚೆಲ್ಲಿದ್ದನ್ನು ರಾಯ ಕಂಡಿರಲಿಲ್ಲ.

ಅಷ್ಟು ಹೊತ್ತಿಗೆ ಮನೆಯಲ್ಲೇ ಏನೇನೋ ನಡೆಯತೊಡಗಿತ್ತು.

ಅಡುಗೆಮನೆಯ ಹೂಜಿಗೆ ಪ್ರತಿದಿನ ಮಲಗುವ ಮುಂಚೆ ಗುರುತಿನ ಗೆರೆ ಮುಟ್ಟುವಂತೆ ನೀರು ತುಂಬುವುದು ರಾಯನ ಕೆಲಸ, ಎಂಟು ಲೀಟರು, ಹನಿ ಹೆಚ್ಚಿಲ್ಲ, ಹನಿ ಕಡಿಮೆ ಇಲ್ಲ. ಒಂದು ಬೆಳಿಗ್ಗೆ ನೋಡಿದರೆ ನೀರು ಗೆರೆಯಿಂದ ಒಂದು ಗೇಣು ಕೆಳಗಿತ್ತು. ಅಳೆದ. ಮೂರು ಲೀಟರು ಮಾಯ.

"ರಾತ್ರಿ ನೀರು ಯಾರೇ ಕುಡಿದದ್ದು?"

"ನಾನೊಂದು ಲೋಟ ಕುಡಿದೆನಪ್ಪ. ಆಮೇಲೆ ನಿದ್ದೆಗಣ್ಣಲ್ಲಿ ಇನ್ನೊಂದು ಕುಡಿದೆನೋ ಏನೋ" ಎಂದಳು ಹೆಂಡತಿ ಆಕಳಿಸುತ್ತ. ಈಚೆಗೆ ಅವಳು ಯಾವಾಗ ನೋಡಿದರೂ ಆಕಳಿಸುತ್ತಿದ್ದಳು.

ಎರಡು ಲೋಟ ಎಂದರೆ ನಾನೂರು ಮಿಲಿಲೀಟರು. ಉಳಿದದ್ದು? ಅತಿಯಾದ ಬಾಯಾರಿಕೆ ಸಕ್ಕರೆ ಕಾಯಿಲೆಯ ಲಕ್ಷಣ ಎಂದು ರಾಯನಿಗೆ ಗೊತ್ತಿತ್ತು. ತಾನು ಕುಡಿದ ನೆನಪಿಲ್ಲ. ಹಾಗಾದರೆ ನಿದ್ದೆಯಲ್ಲಿ ಎದ್ದು, ಕಣ್ಣು ಮುಚ್ಚಿಕೊಂಡೇ ಕತ್ತಲಲ್ಲಿ ನಡೆದುಹೋಗಿ ನೀರು ಕುಡಿದು ಬರುವ ಇನ್ನೊಬ್ಬ ತಕ್ಕಡಿರಾಯ ಈ ಮನೆಯಲ್ಲಿದ್ದಾನೆ! ಹೆಜ್ಜೆ ಗುರುತು ಹಿಡಿಯಲು ಆವತ್ತು ಮಲಗುವ ಮುಂಚೆ ಅಡುಗೆಮನೆ ಬಾಗಿಲಲ್ಲಿ ಪೌಡರ್ ಉದುರಿಸಿದ. ಬೆಳಿಗ್ಗೆ ಅವನು ಏಳುವಷ್ಟರಲ್ಲಿ ಹೆಂಡತಿ, "ಇದೇನ್ರೀ ಗಲೀಜು!" ಎಂದು ನೆಲ ಒರೆಸಿ ಬಟ್ಟೆ ಹಿಂಡುತ್ತಿದ್ದಳು. ಹೂಜಿಯಲ್ಲಿ ಮೂರೂವರೆ ಲೀಟರು ಕಡಿಮೆಯಿತ್ತು.

ಆಮೇಲೆ ಇರುವೆ ಬಂದವು. ಬಾಗಿಲ ಸಂದಿಯಿಂದ ಹೊರಟು, ಗೋಡೆಗುಂಟ ಸಪೂರ ಕಪ್ಪು ಗೆರೆಯಾಗಿ, ಮೇಜಿನ ಕಾಲನ್ನು ಬಳಸಿ, ದ್ರಾಕ್ಷಿ ಬುಟ್ಟಿಯ ಪಕ್ಕದಲ್ಲೇ ಹಾದು ಹೋಗುತ್ತಿದ್ದವು. ಬುಟ್ಟಿಯತ್ತ ಒಂದೂ ತಿರುಗಿ ನೋಡಲಿಲ್ಲ. ನೇರ ಬಚ್ಚಲಿಗೆ. ಹೆಡ್‌ಮಾಸ್ಟರು ಕನ್ನಡಕ ಏರಿಸಿ ಅವುಗಳ ಹಿಂದೆಯೇ ನಡೆದು ಹೋಗಿ, ಬಚ್ಚಲ ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ ಹೇಳಿದರು: "ರಾಯರೇ, ಇರುವೆಗೆ ಮೊದಲೇ ಗೊತ್ತಾಗುತ್ತೆ. ಈ ಮನೇಲಿ ಯಾರದೋ ಮೈಯಿಂದ ಸಕ್ಕರೆ ಹೋಗ್ತಾ ಇದೆ."

"ಯಾರದೋ ಅಂತ ಯಾಕೆ ಸುತ್ತಿ ಬಳಸಿ ಹೇಳ್ತೀರಿ ಸಾರ್" ಎಂದ ರಾಯ.

ತೂಕದ ಕಥೆ ಇನ್ನೂ ವಿಚಿತ್ರ. ಮಂಚದ ಕೆಳಗೆ ಮನುಷ್ಯರು ಹತ್ತಿ ನಿಲ್ಲುವ ಒಂದು ಹಳೆಯ ತೂಕದ ಯಂತ್ರವಿತ್ತು. ಹೆಂಡತಿ ಒಂದು ಸಂಜೆ ಅದರ ಮೇಲೆ ನಿಂತು, "ರೀ, ಇಲ್ಲಿ ನೋಡಿ. ಐವತ್ತೊಂದು ತೋರಿಸ್ತಿದೆ. ನಾನು ಐವತ್ತೆಂಟಿದ್ದೆ. ಉಂಗುರ ಬೇರೆ ಪಾತ್ರೆ ತೊಳೆಯೋವಾಗ ಎರಡು ಸಲ ಜಾರಿ ಬಿತ್ತು" ಎಂದಳು.

ತಕ್ಕಡಿರಾಯ ನಕ್ಕ. ಬಹಳ ದಿನದ ಮೇಲೆ ಅವನಿಗೆ ತನ್ನ ಕಸುಬಿನ ವಿಷಯ ಸಿಕ್ಕಿತ್ತು. "ಮದುವೆಯಾದಾಗಿನಿಂದ ನೀನು ಐವತ್ತೆಂಟು. ಏಳು ಕಿಲೋ ಹೆಂಗಸು ಎಲ್ಲಿ ಹೋಗ್ತಾಳೆ? ಸ್ಪ್ರಿಂಗ್ ತುಕ್ಕು ಹಿಡಿದು ಬಿಗಿದುಕೊಂಡಿದೆ ಅಷ್ಟೆ." ಇಲಾಖೆಯ ಕಲ್ಲುಗಳನ್ನು ಮನೆಗೆ ತರುವಂತಿಲ್ಲ, ಅದು ಕಾನೂನು. ಆದ್ದರಿಂದ ಮನೆಯಲ್ಲಿದ್ದ ಒಂದೇ ನಂಬಿಕಸ್ತ ತೂಕದ ಕಲ್ಲನ್ನು, ಅಂದರೆ ಹೆಂಡತಿಯನ್ನು, ಯಂತ್ರದ ಮೇಲೆ ನಿಲ್ಲಿಸಿ, ಸ್ಕ್ರೂಡ್ರೈವರ್ ಹಿಡಿದು ಪಕ್ಕದ ಸ್ಕ್ರೂ ಸಡಿಲಿಸುತ್ತ ಹೋದ. ಮುಳ್ಳು ಐವತ್ತೆಂಟಕ್ಕೆ ಬಂದು ನಿಂತಿತು. "ಸರಿಯಾಗಿದೆ!" ಎಂದ.

ಆಮೇಲೆ ತಾನೇ ಹತ್ತಿ ನಿಂತ. ಎಪ್ಪತ್ತು ಕಿಲೋದವನು ಎಂಬತ್ತಾಗಿದ್ದ. ಅಪ್ಪನಿಗೂ ಕೊನೆಗೆ ಹೀಗೇ ಮೈ ಬಾತುಕೊಂಡಿತ್ತು. ರಾಯ ಸದ್ದಿಲ್ಲದೆ ಕೆಳಗಿಳಿದು, ಗೋಡೆಗೆ ಒರಗಿ, ತನ್ನ ಕಾಲಿನ ಹೆಬ್ಬೆರಳುಗಳನ್ನು ಬಹಳ ಹೊತ್ತು ನೋಡುತ್ತ ಕೂತ.

ಟೈಲರು ಮಾರನೆಯ ದಿನ, "ಅಕ್ಕನ ಹೊಸ ಬಟ್ಟೆಗೆ ಅಳತೆ ತಗೊಂಡೆ, ಹಳೇ ಅಳತೆಗಿಂತ ಮೂರು ಇಂಚು ಕಡಿಮೆ ಬರ್ತಿದೆ" ಎಂದಾಗ, ರಾಯ ರೇಗಿ, "ನಿನ್ನ ಟೇಪನ್ನ ಕಚೇರಿಗೆ ತಗೊಂಡು ಬಾ, ಪರೀಕ್ಷೆ ಮಾಡ್ತೀನಿ. ಎಷ್ಟು ಜನಕ್ಕೆ ಹೀಗೆ ಬಿಗಿ ಬಟ್ಟೆ ಹೊಲಿದಿದ್ದೀಯೋ!" ಎಂದ. ಟೈಲರು ಬಾಯಿ ಮುಚ್ಚಿಕೊಂಡು ದ್ರಾಕ್ಷಿ ಸುಲಿದ.

ಯಂತ್ರವನ್ನು ಅನುಮಾನಿಸಬೇಕಾದರೆ ಒಂದು ಕ್ರಮವಿದೆ. ಬೇರೆ ಬೇರೆ ಪದಾರ್ಥ ಇಟ್ಟು ನೋಡಬೇಕು. ರಾಯ ಮೆಷಿನ್ ಹಿಡಿದು ಎಲ್ಲರ ಬೆರಳೂ ಚುಚ್ಚಿದ. ಜನ್ಮದಲ್ಲೇ ಸಕ್ಕರೆ ಕಾಯಿಲೆ ಇಲ್ಲದ ಹೆಡ್‌ಮಾಸ್ಟರಿಗೆ ಮುನ್ನೂರ ಐವತ್ತು. ಕಡ್ಡಿಯಂತಿದ್ದ ಟೈಲರಿಗೆ ಮುನ್ನೂರ ತೊಂಬತ್ತು. ಗ್ಯಾಸ್ ಸಿಲಿಂಡರ್ ತಂದವನು ರಸೀದಿಗೆ ಕಾಯುವಾಗ ಸುಮ್ಮನೆ ಯಾಕೆ ನಿಲ್ಲುತ್ತೀಯೆಂದು ಅವನಿಗೂ ಹತ್ತು ದ್ರಾಕ್ಷಿ ಸುಲಿಯಲು ಕೊಟ್ಟಿದ್ದರು. ಅವನಿಗೆ ಮುನ್ನೂರ ಮೂವತ್ತ ಮೂರು. ಒಬ್ಬೊಬ್ಬರದೂ ಕುಂಯ್ ಎಂದಾಗ ಕೋಣೆಯಲ್ಲಿ ಉಳಿದವರು ಒಂದೊಂದು ಹೆಜ್ಜೆ ಹಿಂದಕ್ಕೆ ಸರಿದರು. ಸಿಲಿಂಡರಿನವನು ಖಾಲಿ ಸಿಲಿಂಡರ್ ಮರೆತು ಮೆಟ್ಟಿಲಿಳಿದು ಓಡಿದ.

ಕೊನೆಗೆ ಹೆಂಡತಿ ಬಂದಳು. ಪಾತ್ರೆ ತೊಳೆದು, ಸೋಪಿನ ವಾಸನೆಯ ಕೈ ಒರೆಸಿಕೊಳ್ಳುತ್ತ ಬೆರಳು ಚಾಚಿದಳು. ಇನ್ನೂರ ಎಂಬತ್ತಾರು.

"ನೋಡಿದ್ಯಾ! ಎಲ್ಲರಿಗಿಂತ ಕಡಿಮೆ ನಿನ್ನದೇ. ನಿನಗೇನೂ ಭಯ ಇಲ್ಲ, ತಿರುಳು ತಿನ್ನೋದು ಮಾತ್ರ ನಿಲ್ಲಿಸಬೇಡ" ಎಂದು ರಾಯ ಅಷ್ಟು ಜನರ ಮುಂದೆ ಅವಳ ಬೆನ್ನು ತಟ್ಟಿದ. ಅವಳಿಗೆ ನಾಚಿಕೆಯಾಯಿತು. ಒಂದು ಲೋಟ ನೀರು ಕುಡಿದು ಒಳಗೆ ಹೋಗಿ ಮಲಗಿದಳು.

ಹೆಡ್‌ಮಾಸ್ಟರು ಪಾಠ ಒಪ್ಪಿಸುವವರಂತೆ ಎದ್ದು ನಿಂತರು. "ಇಷ್ಟು ಕಾಲ ಸಕ್ಕರೆ ಕಾಯಿಲೆ ಅಂಟುರೋಗ ಅಲ್ಲ ಅಂತ ಮಕ್ಕಳಿಗೆ ಹೇಳಿಕೊಟ್ಟೆ. ತಪ್ಪಾಯ್ತು. ಇದು ಹಿಡಿದುಕೊಂಡಿರೋದು ಮನುಷ್ಯರನ್ನಲ್ಲ ರಾಯರೇ, ಈ ಮನೇನ."

ಸಂಜೆಯೊಳಗೆ ಬೀದಿಯ ಬಣ್ಣವೇ ಬದಲಾಯಿತು. ರಾಯ ನಡೆದರೆ ಮುಂದಿನ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು, ಹಿಂದಿನವು ಒಂದೊಂದಾಗಿ ಸಂದಿ ತೆರೆಯುತ್ತಿದ್ದವು. ಕ್ಷೌರಿಕ ಅವನನ್ನು ಕಂಡು ಅಂಗಡಿಯ ದೀಪ ಆರಿಸಿ ಕನ್ನಡಿಯ ಹಿಂದೆ ಕೂತ. ಕಚೇರಿಯಲ್ಲಿ ಮೇಲಧಿಕಾರಿ, "ಬಾಗಿಲಲ್ಲೇ ನಿಲ್ಲಿ, ರಜೆ ಅರ್ಜಿ ಅಲ್ಲಿಂದಲೇ ಚಾಚಿ" ಎಂದು, ಹಿತ್ತಾಳೆ ಕಲ್ಲೆತ್ತುವ ಚಿಮಟದಲ್ಲೇ ಅರ್ಜಿಯನ್ನು ಎತ್ತಿಕೊಂಡರು. ಇಪ್ಪತ್ತಾರು ವರ್ಷ ತಾನು ಹಿಡಿದ ಚಿಮಟ. ಅದರ ತುದಿ ತನ್ನ ಕಡೆಗೆ ಬಾಯಿ ತೆರೆದದ್ದನ್ನು ಕಂಡು ರಾಯನಿಗೆ ಅಳುವೇ ಬಂದುಬಿಟ್ಟಿತು.

ನಾಲ್ಕನೆಯ ದಿನ ಹೆಲ್ತ್ ಇನ್‌ಸ್ಪೆಕ್ಟರು ಬಂದರು. ಮೂಗು ಬಾಯಿಗೆ ಮಾಸ್ಕು, ಕೈಗೆ ಗವುಸು, ಕಂಕುಳಲ್ಲಿ ಫಾರಮ್ಮುಗಳ ಕಟ್ಟು. ಬೀದಿಯವರೆಲ್ಲ ಸೇರಿ ಅರ್ಜಿ ಬರೆದಿದ್ದರಂತೆ. ಹೆಡ್‌ಮಾಸ್ಟರೂ ಟೈಲರೂ ಆರೋಪಿಗಳಂತೆ ರಾಯನ ಪಕ್ಕ ನಿಂತರು.

"ಇದುವರೆಗೆ ಎಷ್ಟು ಜನಕ್ಕೆ ಅಂಟಿದೆ?" ಎಂದರು ಇನ್‌ಸ್ಪೆಕ್ಟರು.

"ಈ ಮೇಜಿನ ಹತ್ತಿರ ಬಂದು ಕೂತವರಿಗೆಲ್ಲ" ಎಂದರು ಹೆಡ್‌ಮಾಸ್ಟರು.

ಇನ್‌ಸ್ಪೆಕ್ಟರು ಆಗಲೇ ಮೇಜಿನ ಹತ್ತಿರ ಕೂತಾಗಿತ್ತು. ಗವುಸು ಹಾಕಿಕೊಂಡು ಬರೆಯಲು ಬರುವುದಿಲ್ಲವೆಂದು ಬಿಚ್ಚಿಟ್ಟಿದ್ದರು. ಫಾರಮ್ಮು ತುಂಬುವ ಬೇಸರಕ್ಕೆ ಎಡಗೈ ತನ್ನಷ್ಟಕ್ಕೆ ಬುಟ್ಟಿಯಿಂದ ದ್ರಾಕ್ಷಿ ಕಿತ್ತು, ಹಿಸುಕಿ, ಮಾಸ್ಕಿನ ಸಂದಿಯಿಂದ ಬಾಯಿಗೆ ಹಾಕುತ್ತಿತ್ತು. "ಹುಚ್ಚು ಜನ. ಇಂಥದ್ದೆಲ್ಲ ಸಾಧ್ಯವೇ ಇಲ್ಲ. ಬೇಕಾದರೆ ನನ್ನದೇ ನೋಡಿ" ಎಂದು ಅದೇ ಎಡಗೈ ಚಾಚಿದರು. ರಾಯ ಚುಚ್ಚಿದ. ಕುಂಯ್. ಇನ್ನೂರ ತೊಂಬತ್ತೆಂಟು.

ಗೋಡೆಯ ಮೇಲೆ ಇರುವೆಗಳು ತಮ್ಮ ಪಾಡಿಗೆ ಬಚ್ಚಲ ಕಡೆ ಹೋಗುತ್ತಿದ್ದವು. ಇನ್‌ಸ್ಪೆಕ್ಟರು ಮಾಸ್ಕು ಕೆಳಗೆಳೆದರು. ಅವರ ತುಟಿಯೂ ನೇರಳೆಯಾಗಿತ್ತು.

"ನಾನು ಬಂದು ಹತ್ತು ನಿಮಿಷ ಆಗಿಲ್ಲ" ಎಂದರು ಸಣ್ಣ ದನಿಯಲ್ಲಿ. "ಮನೇಲಿ ಎರಡು ಪುಟ್ಟ ಮಕ್ಕಳಿದ್ದಾವೆ ನನಗೆ."

ಕೂತಲ್ಲಿಂದಲೇ ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿದರು. ಅರ್ಧ ಗಂಟೆಗೆ ಒಬ್ಬ ಕುಳ್ಳನೆಯ ನರ್ಸು ದೊಡ್ಡ ಚೀಲ ಹೊತ್ತು, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಮಾಸ್ಕೂ ಇಲ್ಲ, ಭಯವೂ ಇಲ್ಲ. ನೇರಳೆ ತುಟಿಯ ನಾಲ್ಕು ಗಂಡಸರನ್ನು ಒಂದು ಸಲ, ಬುಟ್ಟಿಯನ್ನು ಒಂದು ಸಲ ನೋಡಿ, "ಎಲ್ಲರೂ ಕೈ ತೊಳ್ಕೊಂಡು ಬನ್ನಿ" ಎಂದರು.

"ತೊಳೆದರೆ ಸತ್ವ ಹೋಗುತ್ತೆ ಸಿಸ್ಟರ್" ಎಂದ ರಾಯ.

"ಹೋಗಲಿ. ಸೋಪು ಹಾಕಿ ತೊಳೀರಿ."

ತೊಳೆದರು. ನರ್ಸು ಸಾಲಾಗಿ ಕೂರಿಸಿ ಚುಚ್ಚಿದರು. ಹೆಡ್‌ಮಾಸ್ಟರು ತೊಂಬತ್ತಾರು. ಟೈಲರು ಎಂಬತ್ತೊಂಬತ್ತು. ಇನ್‌ಸ್ಪೆಕ್ಟರು ನೂರ ಎಂಟು. ತಕ್ಕಡಿರಾಯ ಕಣ್ಣು ಮುಚ್ಚಿಕೊಂಡು ಕೈ ಕೊಟ್ಟ. ನೂರ ಹದಿನೈದು.

"ಬೆರಳ ಮೇಲೆ ಹಣ್ಣಿನ ರಸ ಇದ್ದರೆ ಮೆಷಿನ್ನು ರಕ್ತದ ಸಕ್ಕರೆ ಜೊತೆ ಅದನ್ನೂ ಸೇರಿಸಿ ಹೇಳುತ್ತೆ. ಪಾಪ, ಅದಕ್ಕೇನು ಗೊತ್ತು? ಪುಸ್ತಿಕೆಯ ಮೊದಲನೇ ಸಾಲಲ್ಲೇ ಬರೆದಿರ್ತಾರೆ" ಎಂದರು ನರ್ಸು. ರಾಯ ಜೇಬಿನಿಂದ ತೆಗೆದುಕೊಟ್ಟ ಅರ್ಧ ಹಾಳೆಯನ್ನೂ ಓದಿದರು. "ಸಿಪ್ಪೆಯಲ್ಲಿ ಒಳ್ಳೆಯ ಅಂಶ ಇರೋದು ನಿಜ, ಅದರ ಮೇಲೆ ಇನ್ನೂ ಪರೀಕ್ಷೆ ನಡೀತಿದೆ. ಹಾಗಂತ ಸಿಪ್ಪೆ ತಿಂದು ಕಾಯಿಲೆ ವಾಸಿ ಮಾಡ್ಕೊಳ್ಳಿ ಅಂತ ಯಾರೂ ಹೇಳಿಲ್ಲ. ಈ 'ಆದರೆ' ಆದಮೇಲೆ ಇದ್ದದ್ದು ಅದೇ ಇರಬೇಕು."

ಹೆಡ್‌ಮಾಸ್ಟರು ತೊಡೆ ತಟ್ಟಿ ನಕ್ಕರು. "ಅಂದ್ರೆ ರಾಯರೇ, ತಟ್ಟೆ ಒರೆಸದೆ ತೂಗಿದ್ದೀರಿ ನೀವು!" ಟೈಲರು ಬಿದ್ದು ಬಿದ್ದು ನಕ್ಕ. ಇನ್‌ಸ್ಪೆಕ್ಟರು ಫಾರಮ್ಮು ಹರಿದು ಜೇಬಿಗೆ ತುರುಕಿ ನಕ್ಕರು. ನಾಚಿಕೆಯಿಂದ ಸಾಯುವಂತಾದರೂ ತಕ್ಕಡಿರಾಯನಿಗೆ ಹೋದ ಜೀವ ಬಂದಂತಾಗಿತ್ತು. ಅವನೂ ಕಣ್ಣೊರೆಸಿಕೊಂಡು ನಕ್ಕ. ಹೆಂಡತಿ ಎಲ್ಲರಿಗೂ ಕಾಫಿ ತಂದಿಟ್ಟು, ಗೋಡೆ ಹಿಡಿದುಕೊಂಡು ನಿಂತು ನಗುವಿಗೆ ಸೇರಿಕೊಂಡಳು.

"ನೀವೂ ಬನ್ನಮ್ಮ" ಎಂದರು ನರ್ಸು.

"ನನ್ನದು ಅವತ್ತೇ ನೋಡಿದ್ದಾರೆ. ಎಲ್ಲರಿಗಿಂತ ಕಡಿಮೆ ಇತ್ತು. ಕೈ ಈಗಷ್ಟೇ ತೊಳೆದೆ."

ಕುಂಯ್. ಮುನ್ನೂರ ತೊಂಬತ್ತೊಂದು.

ನರ್ಸು ಅಂಕಿ ನೋಡಿದರು, ಅವಳ ಮುಖ ನೋಡಿದರು. "ಇನ್ನೊಂದು ಸಲ ತೊಳ್ಕೊಂಡು ಬನ್ನಿ, ಸೋಪು ಹಾಕಿ." ಅವಳು ಹೋಗಿ ಬಂದಳು. ಈ ಸಲ ಇನ್ನೊಂದು ಕೈಯ ಬೆರಳು. ಮುನ್ನೂರ ತೊಂಬತ್ತ ನಾಲ್ಕು. ನಗು ಎಲ್ಲಿ ನಿಂತಿತೆಂದು ಯಾರಿಗೂ ಗೊತ್ತಾಗಲಿಲ್ಲ.

"ದ್ರಾಕ್ಷಿ ಮುಟ್ಟಿದ್ರಾ?"

"ನಾನು ಸುಲಿಯಲ್ಲ. ಇವರು ಸುಲಿದು ಕೊಟ್ಟ ತಿರುಳು ಚಮಚದಲ್ಲಿ ತಿಂತೀನಿ. ದಿನಾ ಎರಡು ಬಟ್ಟಲು. ತಿಂಗಳಿಂದ."

"ಬಾಯಾರಿಕೆ ಜಾಸ್ತಿನಾ?"

ಅವಳು ಗಂಡನ ಕಡೆ ನೋಡಿದಳು. "ಒಂದೆರಡು ಲೋಟ ಅಂತ ಕುಡೀತೀನಿ. ಎಷ್ಟು ಸಲ ಏಳ್ತೀನೋ ಲೆಕ್ಕ ಇಟ್ಟಿಲ್ಲ."

ಹೆಡ್‌ಮಾಸ್ಟರು ಗೋಡೆಯ ಮೇಲಿನ ಇರುವೆ ಸಾಲನ್ನೇ ನೋಡುತ್ತಿದ್ದರು. ಟೈಲರು ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಟೇಪನ್ನು ತೆಗೆದು ಮೆಲ್ಲಗೆ ಜೇಬಿಗೆ ಹಾಕಿಕೊಂಡ.

"ಗಾಬರಿ ಬೇಡಮ್ಮ, ಹತೋಟಿಗೆ ಬರೋ ಕಾಯಿಲೆ ಇದು. ಆದರೆ ಈಗಲೇ ನನ್ನ ಜೊತೆ ಆಸ್ಪತ್ರೆಗೆ ಹೊರಡಿ. ನಾಳೆ ಅನ್ನೋ ಹಾಗಿಲ್ಲ" ಎಂದರು ನರ್ಸು, ಚೀಲದಿಂದ ಚೀಟಿ ತೆಗೆಯುತ್ತ. "ತೂಕ ಎಷ್ಟು?"

ಹೆಂಡತಿ ಮಂಚದ ಕೆಳಗಿನ ಯಂತ್ರ ಎಳೆದು ಅದರ ಮೇಲೆ ನಿಂತಳು. "ಐವತ್ತೇಳು ಚಿಲ್ಲರೆ."

ನರ್ಸು ಬಗ್ಗಿ ಮುಳ್ಳನ್ನು ನೋಡಿದರು. ಆಮೇಲೆ ಅವಳ ಮಣಿಕಟ್ಟನ್ನು ತಮ್ಮ ಎರಡು ಬೆರಳಲ್ಲಿ ಬಳಸಿ ಹಿಡಿದರು. ಬೆರಳ ತುದಿಗಳು ಕೂಡಿದ ಮೇಲೂ ಒಳಗೆ ಜಾಗ ಮಿಕ್ಕಿತು. "ಈ ಯಂತ್ರ ಕೆಟ್ಟಿದೆ" ಎಂದರು.

"ಇಲ್ಲ ಸಿಸ್ಟರ್, ಇವರೇ ಸರಿ ಮಾಡಿದ್ದು" ಎಂದಳು ಹೆಂಡತಿ.

ತಕ್ಕಡಿರಾಯ ಒಳಗೆ ಹೋಗಿ ಸ್ಕ್ರೂಡ್ರೈವರ್ ತಂದ. ಅವಳ ಪಾದದ ಹತ್ತಿರ ಮಂಡಿಯೂರಿ ಕೂತ.

"ಇಳೀಲೇನ್ರೀ?"

"ಬೇಡ, ನಿಂತಿರು. ನನ್ನ ಭುಜ ಹಿಡ್ಕೋ."

ಅವನು ಸ್ಕ್ರೂ ಬಿಗಿ ಮಾಡತೊಡಗಿದ. ತಾನು ಅಂದು ಎಷ್ಟು ಸುತ್ತು ಸಡಿಲಿಸಿದ್ದೆನೆಂದು ಅವನಿಗೆ ಕರಾರುವಾಕ್ಕಾಗಿ ನೆನಪಿತ್ತು, ಆರೂಕಾಲು. ಮುಳ್ಳು ಐವತ್ತೇಳರಿಂದ ಇಳಿಯಿತು. ಐವತ್ತೈದು. ಐವತ್ತ ಮೂರು. ಭುಜದ ಮೇಲಿದ್ದ ಅವಳ ಕೈಗೆ ಭಾರವೇ ಇರಲಿಲ್ಲ.

"ಇನ್ನೂ ಎಷ್ಟು ತಿರುಗಿಸ್ತೀರಿ?" ಎಂದಳು ಅವಳು, ನಗಲು ನೋಡುತ್ತ.

ಆರೂಕಾಲು ಸುತ್ತು ಮುಗಿದು ಮುಳ್ಳು ಐವತ್ತರಲ್ಲಿ ನಿಂತಿತು. ಇಪ್ಪತ್ತಾರು ವರ್ಷದ ಅಭ್ಯಾಸದಂತೆ ಈಗ ಒಂದು ಮಾತು ಗಟ್ಟಿಯಾಗಿ ಹೇಳಬೇಕಿತ್ತು. ಹೆಡ್‌ಮಾಸ್ಟರು, ಟೈಲರು, ಇನ್‌ಸ್ಪೆಕ್ಟರು, ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ತಕ್ಕಡಿರಾಯ ಬಾಯಿ ತೆರೆದ, ಮುಚ್ಚಿದ. ಆಮೇಲೆ ಎದ್ದು ಬಚ್ಚಲಿಗೆ ಹೋಗಿ, ಇರುವೆಗಳ ಮೇಲೆ ನೀರು ಬೀಳದಂತೆ ಪಕ್ಕಕ್ಕೆ ನಿಂತು ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆದು, ಒರೆಸಿಕೊಂಡು ಬಂದು ಹೆಂಡತಿಯ ಕೈ ಹಿಡಿದು ಮೆಟ್ಟಿಲಿಳಿಸಿದ.